ಮೆಂಬರ್ ಮನೆಯ ಕಲ್ಲುಬಾನಿ

ಮೊದಲು ನೋವು ಬಂದದ್ದು ಕಣ್ಣಿನ ಹಿಂದೆ. ಅಲ್ಲೊಂದು ಜಾಗವಿದೆ ಎನ್ನುವುದೇ ಅರವತ್ತೊಂದು ವರ್ಷ ನನಗೆ ಗೊತ್ತಿರಲಿಲ್ಲ.

ಬೆಳಿಗ್ಗೆ ತೋಟದಲ್ಲಿ ಚಪ್ಪರದ ಕೆಳಗೆ ನಿಂತು ಗೊಂಚಲು ನೋಡುತ್ತಿದ್ದೆ. ತಮಿಳುನಾಡಿನ ನಮ್ಮ ಕಂಬಂ ಕಣಿವೆಯ ಪನ್ನೀರ್ ದ್ರಾಕ್ಷಿ ತಲೆಯ ಮೇಲೆ ಬೆಳೆಯುವ ಬೆಳೆ. ಕತ್ತೆತ್ತಿ ನೋಡಲಾರದವನು ಅದನ್ನು ಬೆಳೆಯಲಾರ. ಕತ್ತೆತ್ತಿದೆ, ಕಣ್ಣು ಹೊರಳಿಸಿದೆ, ಒಳಗಿನಿಂದ ಯಾರೋ ಹೆಬ್ಬೆರಳಲ್ಲಿ ಒತ್ತಿದ ಹಾಗಾಯಿತು. ಬಿಸಿಲಿರಬೇಕು ಅಂದುಕೊಂಡೆ. ಮಧ್ಯಾಹ್ನಕ್ಕೆ ಸೊಂಟ ಹಿಡಿಯಿತು. ಸಂಜೆಗೆ ಮೊಣಕಾಲು, ಮೊಣಕೈ, ಬೆರಳ ಗಿಣ್ಣು. ದೀಪ ಹಚ್ಚುವ ಹೊತ್ತಿಗೆ ಚಾಪೆಯ ಮೇಲೆ ಮುದುರಿಕೊಂಡಿದ್ದೆ.

ಹೆಂಡತಿ ಲಕ್ಕಮ್ಮ ಹಣೆ ಮುಟ್ಟಿ ಕೈ ಹಿಂದಕ್ಕೆಳೆದುಕೊಂಡಳು.

“ಈ ನೆತ್ತಿ ಮ್ಯಾಲೆ ದೋಸೆ ಹುಯ್ಯಬೋದು,” ಅಂದಳು.

ನಗಲು ಹೋದೆ. ನಗುವುದಕ್ಕೂ ಮೈಯಲ್ಲಿ ಕೀಲುಗಳಿರುತ್ತವೆ, ಅವೂ ನೊಂದವು.

ನಾನು ಯಾರೆಂದು ಹೇಳಿಬಿಡುತ್ತೇನೆ. ಹನುಮಂತನಪಟ್ಟಿಯಿಂದ ಸ್ವಲ್ಪ ದೂರದ ಒಂದು ಊರಿನ ದ್ರಾಕ್ಷಿ ಬೆಳೆಗಾರ, ಮತ್ತು ಆ ಊರ ಪಂಚಾಯತಿಯ ವಾರ್ಡ್ ಮೆಂಬರ್. ಗೆದ್ದ ದಿನದಿಂದ ಊರಲ್ಲಿ ಯಾರೂ ನನ್ನ ಹೆಸರು ಹಿಡಿದು ಕರೆದಿಲ್ಲ. ಹೆಂಡತಿ ಕೂಡ ಸಿಟ್ಟು ಬಂದಾಗ “ಮೆಂಬ್ರೇ” ಅನ್ನುತ್ತಾಳೆ. ನಮ್ಮ ಮಂದಿ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು. ಓದಿದ್ದೆಲ್ಲ ತಮಿಳು. ದ್ರಾಕ್ಷಿ ಲಾರಿಯ ಜೊತೆ ಮೈಸೂರಿನ ಮಂಡಿಗೆ ಎಷ್ಟೋ ವರ್ಷ ಓಡಾಡಿದಾಗ ಬೋರ್ಡು, ಪೇಪರು ನೋಡಿ ನೋಡಿ ಕನ್ನಡ ಅಕ್ಷರ ಕಲಿತೆ. ಆ ಲಾರಿ ಓಡಾಟ ನನಗೆ ಅಕ್ಷರ ಕೊಟ್ಟು ಬೇರೇನನ್ನು ಕಿತ್ತುಕೊಂಡಿತ್ತು ಎನ್ನುವುದು ಈ ಜ್ವರದಲ್ಲೇ ತಿಳಿದದ್ದು.

ಮೂರು ದಿನ ಮಾತ್ರೆ ನುಂಗಿದೆ. ನಾಲ್ಕನೆಯ ದಿನ ಎದೆ ಮೇಲೆ ಕೆಂಪು ಚುಕ್ಕಿ ಎದ್ದವು. ಊರ ಆರೋಗ್ಯ ಕೇಂದ್ರದ ನರ್ಸಮ್ಮ ರಕ್ತ ತೆಗೆದು ಕಳಿಸಿದರು. ಸಂಜೆ ಅವರೇ ಮನೆಗೆ ಬಂದರು. ಬಾಗಿಲಲ್ಲಿ ನಿಂತು ಒಳಗೆ ಯಾರಿದ್ದಾರೆಂದು ಮೊದಲು ನೋಡಿದರು.

ಡೆಂಗ್ಯೂ.

ಅವರು ನೋಡಿದ್ದು ನನ್ನ ಮಗಳು ಸುಮತಿಯನ್ನು. ಬೋಡಿನಾಯಕನೂರಿಗೆ ಕೊಟ್ಟ ಮಗಳು. ಅಳಿಯ ಅಲ್ಲಿಯ ಏಲಕ್ಕಿ ವ್ಯಾಪಾರದಲ್ಲಿದ್ದಾನೆ. ಚೊಚ್ಚಲ ಹೆರಿಗೆಗೆಂದು ಬಳೆ ತೊಡಿಸಿ ಕರೆತಂದಿದ್ದೆವು. ತುಂಬಿದ ತಿಂಗಳು. ಒಂದು ಕೈ ಸೊಂಟದ ಮೇಲಿಟ್ಟುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

ನರ್ಸಮ್ಮ ದನಿ ತಗ್ಗಿಸಿ ಹೇಳಿದರು. ನನ್ನನ್ನು ಕಚ್ಚಿದ ಸೊಳ್ಳೆ ಕೆಲವು ದಿನ ಬಿಟ್ಟು ಅವಳನ್ನು ಕಚ್ಚಿದರೆ ಅವಳಿಗೂ ಬರಬಹುದು. ಹೆರಿಗೆಯ ಹೊತ್ತಿಗೆ ಈ ಜ್ವರವಿದ್ದರೆ ರಕ್ತ ನಿಲ್ಲುವುದು ಕಷ್ಟ. ತಾಯಿಗೂ ಮಗುವಿಗೂ ಒಳ್ಳೆಯದಲ್ಲ. ಮನೆ ಸುತ್ತ ಎಲ್ಲಾದರೂ ನೀರು ನಿಂತಿದ್ದರೆ ಇವತ್ತೇ ಚೆಲ್ಲಬೇಕು.

“ನಮ್ಮನೇಲಾ?” ಅಂದೆ. ಜ್ವರದಲ್ಲೂ ಬೆನ್ನು ನೆಟ್ಟಗಾಯಿತು. “ನಾನು ಮೆಂಬರ್, ನರ್ಸಮ್ಮ!”

ನನ್ನ ಜಂಭಕ್ಕೆ ಕಾರಣವಿತ್ತು. ಹಿಂದೆ ನಮ್ಮೂರಿಗೆ ಹೊಗೆ ಹೊಡೆಯುವ ಯಂತ್ರ ಬೇಕೆಂದರೆ ಜಿಲ್ಲಾ ಕೇಂದ್ರ ತೇನಿಗೆ ಅರ್ಜಿ ಬರೆಯಬೇಕಿತ್ತು. ಯಂತ್ರ ಬರುವಷ್ಟರಲ್ಲಿ ಜ್ವರ ಹೋಗಿರುತ್ತಿತ್ತು, ಇಲ್ಲವೇ ಜ್ವರ ಬಂದವನೇ ಹೋಗಿರುತ್ತಿದ್ದ. ಈಗ ಕುಡಿಯುವ ನೀರು, ಚರಂಡಿ, ಕಸ, ಸೊಳ್ಳೆ ಎಲ್ಲ ಪಂಚಾಯತಿಯ ಕೈಗೆ ಬಂದಿದೆ. ನಮ್ಮೂರ ಹೆಂಗಸರನ್ನೇ ಗೊತ್ತು ಮಾಡಿದ್ದೇವೆ. ವಾರಕ್ಕೊಮ್ಮೆ ಮನೆಮನೆಗೆ ಹೋಗಿ ಹಂಡೆ, ತೊಟ್ಟಿ, ಫ್ರಿಜ್ಜಿನ ಹಿಂದಿನ ತಟ್ಟೆ, ಎಸೆದ ಟೈರು, ಎಲ್ಲಕ್ಕೂ ಟಾರ್ಚು ಹಾಕಿ ಸೊಳ್ಳೆಯ ಹುಳ ಇದೆಯೇ ನೋಡುತ್ತಾರೆ. ಬಾಗಿಲ ಹಿಂದೆ ಅಂಟಿಸಿದ ಕಾರ್ಡಿನಲ್ಲಿ ತಾರೀಖು ಬರೆದು ಸಹಿ ಹಾಕುತ್ತಾರೆ. ನಮ್ಮ ಬೀದಿಯನ್ನು ನೋಡುವವಳು ಈಶ್ವರಿ, ನನ್ನ ದಾಯಾದಿ ತಮ್ಮನ ಸೊಸೆ. ಯಾರ ಮನೆಯ ಹಿತ್ತಿಲಲ್ಲಿ ಒಡೆದ ಕೊಡ ಬಿದ್ದಿದೆ, ಯಾರು ಮಳೆನೀರನ್ನು ಕದ್ದು ಹಿಡಿದಿಟ್ಟಿದ್ದಾರೆ ಎನ್ನುವುದು ಅವಳಿಗೆ ಕಣ್ಣು ಮುಚ್ಚಿಕೊಂಡರೂ ಗೊತ್ತು.

ಮಳೆಗಾಲ ಹಿಡಿದ ಮೇಲೆ ನಾನೂ ಅವಳ ಜೊತೆ ತಿರುಗಿದ್ದೆ. ಎದುರುಮನೆಯ ಟೈಲರಣ್ಣನ ಜಗಲಿಯಲ್ಲಿ ನೀರಿದ್ದ ಮಡಕೆ ಕಂಡು ನಾನೇ ಬೀದಿಗೆ ಉರುಳಿಸಿದೆ. ಮಡಕೆ ಒಡೆಯಿತು, ನಾನು ಭಾಷಣ ನಿಲ್ಲಿಸಲಿಲ್ಲ. ಪಂಚಾಯತಿ ಕಚೇರಿಯ ಮುಂದೆ ನೆಲಬೇವಿನ ಕಷಾಯ ಕಾಯಿಸಿ ಊರಿಗೆಲ್ಲ ಕುಡಿಸಿದೆ. ಮಕ್ಕಳು ಮುಖ ಕಿವುಚಿದರೆ ಗದರಿದೆ. ನಾನು ಮಾತ್ರ ಒಂದು ಗುಟುಕೂ ಕುಡಿದಿರಲಿಲ್ಲ. ಊಟ ಬಡಿಸುವವನು ಕೊನೆಗೆ ತಾನೇ ಉಣ್ಣುವುದು.

ಮರುದಿನ ತೇನಿಯ ಸರ್ಕಾರಿ ಆಸ್ಪತ್ರೆಗೆ ಸೇರಿಸಿದರು. ಕೈಗೆ ಡ್ರಿಪ್. ಹಾಡಹಗಲಲ್ಲಿ ಸೊಳ್ಳೆಪರದೆ. ಮದುಮಗಳ ಹಾಗೆ ಪರದೆಯೊಳಗೆ ಕೂತೆ. ಇದು ಹಗಲು ಕಚ್ಚುವ ಸೊಳ್ಳೆ, ನನ್ನಿಂದ ಇನ್ನೊಬ್ಬರಿಗೆ ಹೋಗಬಾರದಲ್ಲ, ಎಂದು ಡಾಕ್ಟರಮ್ಮ ವಿವರಿಸಿದರು. ನನ್ನ ಮಗಳ ವಯಸ್ಸಿನವರು. ಹೊಟ್ಟೆ ಒತ್ತಿ ನೋಡಿದರು, ಕಣ್ಣ ರೆಪ್ಪೆ ಬಿಡಿಸಿ ನೋಡಿದರು, ಕುಡಿದ ನೀರನ್ನೂ ಬಿಟ್ಟ ನೀರನ್ನೂ ಅಳೆಯಲು ಹೇಳಿದರು.

“ಮನೆ ಹತ್ತಿರ ನೀರು ನಿಂತಿದೆಯಾ, ಅಯ್ಯಾ?”

“ಇಲ್ಲ.”

“ಖಂಡಿತವಾಗಿ?”

“ಖಂಡಿತ.”

ಆ ಸಂಜೆ ಜ್ವರ ಇಳಿಯಿತು. ಗೆದ್ದೆ ಅಂದುಕೊಂಡೆ. ಡಾಕ್ಟರಮ್ಮನ ಮುಖ ಮಾತ್ರ ಸಡಿಲವಾಗಲಿಲ್ಲ. ಈ ಕಾಯಿಲೆಯಲ್ಲಿ ಜ್ವರ ಇಳಿದ ಮೇಲಿನ ಎರಡು ದಿನವೇ ಹೆಚ್ಚು ಜೋಪಾನವಾಗಿರಬೇಕಂತೆ. ಪ್ಲೇಟ್‌ಲೆಟ್ ಇಪ್ಪತ್ತೆಂಟು ಸಾವಿರಕ್ಕೆ ಬಂದಿತ್ತು. ಹಲ್ಲುಜ್ಜಿದರೆ ರಕ್ತ. ಹಲ್ಲುಜ್ಜುವುದು ಬೇಡ ಎಂದರು. ಚಿಕ್ಕಂದಿನಿಂದ ಆ ಮಾತು ಕೇಳಲು ಕಾದಿದ್ದೆ, ಕೇಳಿದಾಗ ಸಂತೋಷವಾಗಲಿಲ್ಲ.

ಆಸ್ಪತ್ರೆಯಲ್ಲಿ ನನ್ನ ಕಾವಲಿಗಿದ್ದವನು ನನ್ನ ತಮ್ಮ. ಕೂತಲ್ಲೇ ಗೊರಕೆ ಹೊಡೆಯುವ ಕಾವಲುಗಾರ. ಲಕ್ಕಮ್ಮ ಮಗಳನ್ನು ಬಿಟ್ಟು ಬರುವ ಹಾಗಿರಲಿಲ್ಲ. ಸುಮತಿಯನ್ನು ಬೋಡಿಗೆ ವಾಪಸು ಕಳಿಸಿಬಿಡೋಣವೇ ಎಂದು ಫೋನಿನಲ್ಲಿ ಕೇಳಿದೆ. ಬಳೆ ತೊಡಿಸಿ ಕರೆತಂದ ಮಗಳನ್ನು ಬರಿಗೈಲಿ ಕಳಿಸುವ ರೂಢಿ ನಮ್ಮಲ್ಲಿಲ್ಲ. ಆದರೂ ಕೇಳಿದೆ, ಅಷ್ಟು ಹೆದರಿದ್ದೆ.

“ಅಲ್ಲಿ ಸೊಳ್ಳೆ ಇಲ್ವಾಪ್ಪಾ?” ಅಂದಳು ಸುಮತಿ. “ಬೋಡಿ ಸೊಳ್ಳೆ ಮೈಯಾಗೆ ಏಲಕ್ಕಿ ವಾಸ್ನೆ ಬರ್ತೈತೆ, ಅಷ್ಟೇ ವಿತ್ಯಾಸಂ. ನಾನ್ ಪೋಗಲ್ಲ. ನೀವ್ ಸುಮ್ನೆ ಮಲಗಿ.”

ಮಲಗಿದೆ. ಮಲಗಿದವನಿಗೆ ಬೇರೆ ಕೆಲಸವಿಲ್ಲ, ಲೆಕ್ಕ ಹಾಕುವುದು. ನಮ್ಮ ಬೀದಿಯಲ್ಲಿ ನನಗಿಂತ ಮೊದಲು ಇಬ್ಬರಿಗೆ ಜ್ವರ ಬಂದು ಹೋಗಿತ್ತು: ಎದುರಿನ ಟೈಲರಣ್ಣ ಮತ್ತು ಹಿಂದಿನ ಮನೆಯ, ಶಾಲೆಯಲ್ಲಿ ಅಡುಗೆ ಮಾಡುವ ಮುತ್ತಮ್ಮ. ಈಗ ನಾನು. ಹೊದಿಕೆಯ ಮೇಲೆ ಬೆರಳಲ್ಲಿ ಮೂರು ಮನೆ ಬರೆದೆ. ಒಂದು ಎದುರು, ಒಂದು ಹಿಂದೆ, ಒಂದು ನಡುವೆ. ನಡುವಿನ ಮನೆಯ ಅಂಗಳದಲ್ಲಿ ಏನಿದೆ?

ಬಾನಿ.

ಆ ಕಲ್ಲುಬಾನಿಯ ವಿಷಯ ಹೇಳಬೇಕು. ನಮ್ಮ ಹಿರಿಯರು ಬಡಗಣ ಸೀಮೆಯಿಂದ ದನಗಳನ್ನು ಹೊಡೆದುಕೊಂಡು ಈ ಕಣಿವೆಗೆ ಬಂದವರು. ಇಂದಿಗೂ ನಮ್ಮವರಲ್ಲಿ ದೇವರಿಗೆ ಬಿಟ್ಟ ದನಗಳಿವೆ. ಅವನ್ನು ಯಾರೂ ಹೂಡುವುದಿಲ್ಲ, ಮಾರುವುದಿಲ್ಲ. ನಮ್ಮೂರಿನ ದೇವರ ಹೋರಿ ಹಗಲೆಲ್ಲ ತನಗಿಷ್ಟ ಬಂದಲ್ಲಿ ತಿರುಗಿ, ನೀರಿಗೆ ಮಾತ್ರ ನಮ್ಮ ಅಂಗಳಕ್ಕೆ ಬರುತ್ತದೆ. ಅದಕ್ಕೆ ನೀರಿಡುವುದು ತಲೆತಲಾಂತರದಿಂದ ನಮ್ಮ ಮನೆಯ ಹಕ್ಕು. ಬಾನಿ ಬರಿದಾಗಬಾರದು, ಹೋರಿ ಬಾಯಾರಿ ಹಿಂದಿರುಗಬಾರದು ಎನ್ನುವುದು ಹರಕೆ. ನಾನು ಮೆಂಬರ್ ಆದ ಮೇಲೆ ಮಾಡಿದ ಮೊದಲ ಕೆಲಸವೆಂದರೆ ಪಂಚಾಯತಿಯ ಓವರ್‌ಹೆಡ್ ಟ್ಯಾಂಕಿನಿಂದ ಒಂದು ಸಣ್ಣ ಪೈಪು ಎಳೆಸಿ ಬಾನಿಗೆ ನಲ್ಲಿ ಹಾಕಿಸಿದ್ದು. ಹನಿಹನಿಯಾಗಿ ಬೀಳುತ್ತಾ ಬಾನಿ ಸದಾ ತುಂಬಿರುತ್ತಿತ್ತು. ಆ ನಲ್ಲಿಗೆ ಮಾಲೆ ಹಾಕಿ ಫೋಟೋ ತೆಗೆಸಿಕೊಂಡಿದ್ದೇನೆ.

ಎರಡನೆಯ ಕೆಲಸ ಇನ್ನೂ ದೊಡ್ಡದು. ಈಶ್ವರಿ ಮೊದಲ ವಾರವೇ ಬಾನಿಯ ಹತ್ತಿರ ಟಾರ್ಚು ಹಿಡಿದು ಹೋಗಿದ್ದಳು. “ಅದು ದೇವರ ನೀರು. ಇದಕ್ಕೆ ಮದ್ದು ಹಾಕೋದು, ಚೆಲ್ಲೋದು ಏನೂ ಇಲ್ಲ,” ಅಂದೆ. ಅಷ್ಟಕ್ಕೇ ಬಿಡದೆ, ಪಂಚಾಯತಿ ಸಭೆಯಲ್ಲಿ ಎದ್ದು ನಿಂತು, ನಮ್ಮ ಹಿರಿಯರು ಒಂದು ದಿನವೂ ಬರಿದು ಮಾಡದ ಬಾನಿ ಅದು, ತಪಾಸಣೆಯಿಂದ ಬಿಡಬೇಕು ಎಂದು ತೀರ್ಮಾನ ಬರೆಸಿದೆ. ಊರವರು ತಲೈವರಮ್ಮ ಎನ್ನುವ ಅಧ್ಯಕ್ಷೆ ಒಳ್ಳೆಯವರು. ಮೆಂಬರ್ ಮಾತು ಎಂದು ಸುಮ್ಮನಾದರು. ಬಾಗಿಲ ಬಳಿ ನಿಂತಿದ್ದ ಈಶ್ವರಿ ಏನೋ ಹೇಳಲು ಬಾಯಿ ತೆರೆದಳು. ನಾನು ಅವಳನ್ನು ನೋಡಿದೆ. ಮುಚ್ಚಿದಳು.

ಆ ಮುಚ್ಚಿದ ಬಾಯಿ ಆಸ್ಪತ್ರೆಯ ಮಂಚದ ಮೇಲೆ ನನಗೆ ನೆನಪಾಯಿತು. ತೇನಿಯಿಂದ ಬರುವ ಯಾವನೋ ಇನ್ಸ್‌ಪೆಕ್ಟರ್ ಆಗಿದ್ದರೆ ಅದು ಯಾರ ಬಾನಿ, ಯಾವ ದೇವರದ್ದು ಎಂದು ಕೇಳದೆ ಉರುಳಿಸಿ ಹೋಗುತ್ತಿದ್ದ. ಆದರೆ ಅವನು ಬರುತ್ತಿದ್ದುದೇ ವರ್ಷಕ್ಕೊಮ್ಮೆ, ಬಂದರೂ ನಮ್ಮ ಅಂಗಳದವರೆಗೆ ಬರುತ್ತಿರಲಿಲ್ಲ. ಈಶ್ವರಿ ವಾರವಾರವೂ ಬರುತ್ತಾಳೆ, ಬಾನಿ ಎಲ್ಲಿದೆಯೆಂದು ಅವಳಿಗೆ ಗೊತ್ತು, ಅದರೊಳಗೆ ಏನಿರಬಹುದೆಂದೂ ಗೊತ್ತು. ಆದರೆ ನಾನು ಅವಳ ಮಾವ, ಅವಳ ಕೆಲಸಕ್ಕೆ ಸಹಿ ಹಾಕುವವರ ಪೈಕಿಯವನು, ಹಬ್ಬಕ್ಕೆ ಅವಳ ಮನೆಗೆ ಹೋಗಿ ಊಟ ಮಾಡುವವನು. ಸರ್ಕಾರ ಊರ ಹತ್ತಿರ ಬಂದಾಗ ಅವಳ ಟಾರ್ಚೂ ಹತ್ತಿರ ಬಂತು, ಅದನ್ನು ಮರೆಮಾಡುವ ನನ್ನ ಕೈಯೂ ಹತ್ತಿರ ಬಂತು. ಇದನ್ನು ಯೋಚಿಸಿದಾಗ ನನಗೆ ನಿಜಕ್ಕೂ ನಾಚಿಕೆಯಾಯಿತು. ಹೊದಿಕೆ ಮುಖದ ಮೇಲೆ ಎಳೆದುಕೊಂಡೆ. ತಮ್ಮ ಎಚ್ಚರವಾಗಿ, ನಾನು ಹೋಗಿಬಿಟ್ಟೆನೆಂದು ಕೂಗಿಕೊಂಡ.

ಅವನನ್ನು ಸಮಾಧಾನ ಮಾಡಿ ಮನೆಗೆ ಫೋನ್ ಮಾಡಲು ಹೇಳುವಷ್ಟರಲ್ಲಿ ಅತ್ತಲಿಂದಲೇ ಫೋನ್ ಬಂತು. ವಿಡಿಯೋ. ಹಿಡಿದಿದ್ದವಳು ಸುಮತಿ ಇರಬೇಕು; ಚಿತ್ರ ಅವಳ ಉಸಿರಿನ ಜೊತೆ ಮೇಲೆ ಕೆಳಗೆ ಹೋಗುತ್ತಿತ್ತು. ಅಂಗಳ ಕಂಡಿತು, ಬೇವಿನ ಮರ ಕಂಡಿತು, ಬಾನಿಯ ಪಕ್ಕ ಈಶ್ವರಿ. ನರ್ಸಮ್ಮ ಬೀದಿಯ ಮನೆಗಳನ್ನೆಲ್ಲ ಮತ್ತೆ ನೋಡಲು ಹೇಳಿದ್ದರಂತೆ.

“ಮಾಮಾ, ಬಯ್ಯಬ್ಯಾಡಿ,” ಅಂದಳು ಈಶ್ವರಿ. “ಬೀದಿಯೆಲ್ಲ ನೋಡ್ಬುಟ್ಟೆ. ಎಲ್ಲೂ ಇಲ್ಲ. ಇದೊಂದೇ ಬಾಕಿ. ಟಾರ್ಚ್ ಹಾಕ್ತೀನಿ.”

“ಬಯ್ಯಾಕೆ ಉಸ್ರು ಎಲ್ಲೈತೆ ಅವ್ರಿಗೆ?” ಲಕ್ಕಮ್ಮನ ದನಿ ಮಾತ್ರ ಕೇಳಿತು. “ಹಾಕವ್ವ ನೀನು.”

ಈಶ್ವರಿ ಬಿಳಿ ಬಟ್ಟಲಲ್ಲಿ ನೀರು ಮೊಗೆದಳು. ಟಾರ್ಚು ಹಾಕಿದಳು. ಫೋನು ಹತ್ತಿರ ಹೋಯಿತು.

ಕುಣಿಯುತ್ತಿದ್ದವು.

ಎಳ್ಳಿನಷ್ಟು ಕೆಲವು, ಅಕ್ಕಿಯಷ್ಟುದ್ದ ಕೆಲವು. ತಲೆ ಕೆಳಗಾಗಿ ತೂಗುತ್ತಾ, ಬಟ್ಟಲು ಅಲುಗಿದರೆ ಬಳುಕಿ ಕೆಳಗಿಳಿಯುತ್ತಾ. ನಾನು ಊರಿಗೆಲ್ಲ ತೋರಿಸಿ ಹೆದರಿಸಿದ ಅದೇ ಹುಳ. ಅದರ ಪಕ್ಕ, ಫೋನು ಹಿಡಿದ ನನ್ನ ಮಗಳ ಕೈಬಳೆಗಳು ಸದ್ದು ಮಾಡುತ್ತಿದ್ದವು.

“ಚೆಲ್ಲು,” ಅಂದೆ.

“ಬಾಯ್ಮಾತು ಸಾಲ್ದು ಮಾಮ. ಮಿನಿಟ್ಸ್ ಬುಕ್ಕಲ್ಲಿ ತೀರ್ಮಾನ ಐತಲ್ಲ, ಮುಟ್ಟಬಾರ್ದು ಅಂತ. ನಾಳೆ ಯಾರಾನ ಕೇಳಿದ್ರೆ ನನ್ ಕೆಲ್ಸ ಪೋಗ್ತೈತೆ. ತಲೈವರಮ್ಮನ್ನ ಒಂದ್ ಮಾತು ಕೇಳ್ಲಾ?”

ನಾನೇ ಬರೆಸಿದ ತೀರ್ಮಾನ. ಆ ಪುಸ್ತಕದಲ್ಲಿ ಒಳ್ಳೆಯ ಅಕ್ಷರದಲ್ಲಿ ಕೂತಿರುವ ನನ್ನ ಮಾತು ಅದೊಂದೇ, ಅದೂ ನನ್ನ ಮಗಳಿಗೆ ಅಡ್ಡ ನಿಂತಿತು. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು, ಅದನ್ನೂ ಮುಚ್ಚಿಡುವುದಿಲ್ಲ. ಬಸುರಿ ಮಗಳು ಮನೆಯಲ್ಲಿರುವಾಗ ಹಿರಿಯರ ಹರಕೆ ಮುರಿದರೆ? ನಾಳೆ ಏನಾದರೂ ಆದರೆ ಯಾವುದರಿಂದ ಆಯಿತು ಎಂದು ಹೇಗೆ ಹೇಳುವುದು?

“ಲಕ್ಕೂ,” ಅಂದೆ. “ಯಾವತ್ತೂ ಬರಿದಾಗದ ಬಾನಿ...”

“ಯಾವತ್ತೂ ಬರಿದಾಗ್ದಾ? ಯಾರ್ ಯೋಳಿದ್ದು?”

ಫೋನು ಒಮ್ಮೆ ತಿರುಗಿತು. ಲಕ್ಕಮ್ಮ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು.

“ಹನ್ನೊಂದ್ ವರ್ಸ ಈ ಬಾನೀನ ನಾನೇ ಉಜ್ಜಿವ್ನಿ. ವಾರಾವಾರಾ, ಸುಕ್ರವಾರ. ನಿಮ್ಮವ್ವ ನಿಂತ್ಕಂಡು ಉಜ್ಜಿಸ್ತಿದ್ಲು. ತುಂಬಿದ್ ಕೊಡ ಒಂದು ಪಕ್ಕದಲ್ಲಿ ಇಟ್ಟು, ಆಮ್ಯಾಲೆ ಬಾನಿ ಬಸ್ಯೋದು. ಹೋರಿ ಬಂದ್ರೆ ಕೊಡದಾಗೆ ಕುಡೀಲಿ ಅಂತ. ನೀವ್ ಎಲ್ಲಿ ಕಂಡಿದ್ದೀರಿ? ಸುಕ್ರವಾರ ಸುಕ್ರವಾರ ಮೈಸೂರ್ ಮಂಡೀಲಿ ಇರ್ತಿದ್ರಿ. ಬಂದಾಗೆಲ್ಲ ತುಂಬೇ ಇರ್ತಿತ್ತು.”

“ನೀನು ಒಂದು ಮಾತೂ ಹೇಳಲಿಲ್ಲವಲ್ಲ!”

“ನೀವ್ ಕೇಳಿದ್ರಾ? ನಲ್ಲಿ ಹಾಕ್ಸಿ, ಮಾಲೆ ಹಾಕಿ, ಇನ್ ಯಾರೂ ಮುಟ್ಟಬ್ಯಾಡಿ ಅಂದ್ರಿ. ನನ್ ಮಂಡಿಗೂ ಸಾಕಾಗಿತ್ತು. ಸೆರಿ, ಮೆಂಬ್ರು ಯೋಳ್ತಾರೆ, ಬುಡು ಅಂತ ಬುಟ್ಟೆ.”

ಅವಳು ಬಗ್ಗಿದಳು. ಬಾನಿಯ ಬುಡದಲ್ಲಿ ಪಾಚಿ ಕೆರೆದು ಏನನ್ನೋ ಹಿಡಿದು ಅಲ್ಲಾಡಿಸಿದಳು. ಮರದ ಬೆಣೆ. ಅರವತ್ತೊಂದು ವರ್ಷ ಆ ಅಂಗಳದಲ್ಲಿ ಹುಟ್ಟಿ ಬೆಳೆದ ನನಗೆ, ಬಾನಿಗೆ ತಳದಲ್ಲಿ ತೂತಿದೆ ಎಂದು ಗೊತ್ತಿರಲಿಲ್ಲ.

“ಬರಿದು ಮಾಡ್ಬಾರದ ಬಾನಿಗೆ ನಿಮ್ಮಜ್ಜ ಕಂಡಿ ಯಾಕ್ ಕೊರೆಸ್ದ?” ಎಂದು ಕೇಳಿ ಲಕ್ಕಮ್ಮ ಬೆಣೆ ಕಿತ್ತಳು.

ನೀರು ಅಂಗಳದ ಬಿಸಿ ಮಣ್ಣಿಗೆ ನುಗ್ಗಿತು. ಈಶ್ವರಿ ಎರಡು ಹೆಜ್ಜೆ ಹಿಂದೆ ಹಾರಿದಳು. ಸುಮತಿ ನಕ್ಕಳು, ಅವಳ ಹೊಟ್ಟೆ ನಕ್ಕು ಫೋನು ಕುಣಿಯಿತು. ಪಕ್ಕದಲ್ಲಿ ತುಂಬಿದ ಹಿತ್ತಾಳೆ ಕೊಡವೊಂದು ಆಗಲೇ ಇತ್ತು, ನಾನು ನೋಡಿರಲಿಲ್ಲ. ನಾನು ಫೋನಿನಲ್ಲಿ ದೇವರು ಧರ್ಮ ಎನ್ನುತ್ತಿದ್ದಾಗಲೇ ಲಕ್ಕಮ್ಮ ಎಲ್ಲ ತಯಾರಿ ಮಾಡಿಕೊಂಡೇ ನಿಂತಿದ್ದಳು. ಬರಿ ನೀರು ಚೆಲ್ಲಿದರೆ ಸಾಲದು, ಮೊಟ್ಟೆ ಕಲ್ಲಿನ ಒಳಮೈಗೆ ಅಂಟಿರುತ್ತದೆ, ಉಜ್ಜಬೇಕು ಎಂದಳು ಈಶ್ವರಿ. “ನಂಗ್ ಕಲಿಸ್ತೀಯ?” ಎಂದು ಲಕ್ಕಮ್ಮ ತೆಂಗಿನ ನಾರು, ಬೂದಿ ತೆಗೆದುಕೊಂಡಳು. ಇಬ್ಬರೂ ಸೇರಿ ಬಾನಿಯೊಳಗೆ ತಲೆ ಹಾಕಿದರು. ನನಗೆ ಅವರಿಬ್ಬರ ಬೆನ್ನು ಮಾತ್ರ ಕಾಣುತ್ತಿತ್ತು. ಪಕ್ಕದ ಮಂಚದ ರೋಗಿ ತಮಿಳಿನಲ್ಲಿ ಏನು ಸೀರಿಯಲ್ ಅದು ಎಂದು ಕೇಳಿದ.

ಫೋನು ಇಡುವ ಮುಂಚೆ ಈಶ್ವರಿ ಹತ್ತಿರ ಬಂದಳು. ಕಣ್ಣು ತುಂಬಿತ್ತು.

“ಆರು ವಾರ ನೋಡ್ದೇನೆ ಸೈನ್ ಹಾಕಿವ್ನಿ ಮಾಮ. ನಿಮ್ ಕಾರ್ಡಾಗೆ. ಹುಳ ಇಲ್ಲ, ಹುಳ ಇಲ್ಲ ಅಂತ.”

“ಸೈನು ನಿಂದು, ಬರೆಸಿದ್ದು ನಾನವ್ವ,” ಅಂದೆ.

ಆ ಮೇಲಿನ ದಿನಗಳೇ ನಿಜವಾದ ಕಾಯಿಲೆ. ಪ್ಲೇಟ್‌ಲೆಟ್ ಒಂದು ದಿನ ನಿಂತಿತು, ಮರುದಿನ ನಿಧಾನಕ್ಕೆ ಏರತೊಡಗಿತು. ಅಂಗೈ ಅಂಗಾಲು ತುರಿಕೆ. ತುರಿಕೆ ಒಳ್ಳೆಯ ಲಕ್ಷಣ ಎಂದರು ಡಾಕ್ಟರಮ್ಮ. ಲಕ್ಷಣ ಒಳ್ಳೆಯದಾದರೂ ತುರಿಕೆ ತುರಿಕೆಯೇ. ಮನೆಯಿಂದ ಬಾಟಲಿಯಲ್ಲಿ ನೆಲಬೇವಿನ ಕಷಾಯ ಬಂತು, ಪಂಚಾಯತಿಯ ಹಂಡೆಯದೇ. ಮೇಲೆ ಒಂದು ಚೀಟಿ: ‘ಮುಖ ಕಿವುಚಬಾರದು.’ ಸುಮತಿಯ ತಮಿಳು ಅಕ್ಷರ. ಡಾಕ್ಟರಮ್ಮನನ್ನು ಕೇಳಿದೆ, ನಮ್ಮ ಡ್ರಿಪ್ಪಿಗೆ ಅಡ್ಡಿಯಿಲ್ಲ ಎಂದು ನಕ್ಕರು. ಕುಡಿದೆ. ಇಷ್ಟು ಕಹಿ ಕುಡಿದ ನಮ್ಮೂರ ಮಕ್ಕಳ ಮೇಲೆ ಮರ್ಯಾದೆ ಬಂತು.

ನನ್ನ ಮೈ ಸುಧಾರಿಸಿದಷ್ಟೂ ಮಗಳ ಚಿಂತೆ ಹೆಚ್ಚಿತು. ಬಾನಿಯ ಹುಳ ಹೋಯಿತು, ಸರಿ. ಅದಕ್ಕೆ ಮೊದಲೇ ರೆಕ್ಕೆ ಬಂದು ಹಾರಿಹೋದವು ಎಲ್ಲಿವೆ? ಪಂಚಾಯತಿ ಯಂತ್ರದಿಂದ ಅಂದೇ ಬೀದಿಗೆಲ್ಲ ಹೊಗೆ ಹೊಡೆಸಿದ್ದರು, ತೇನಿಗೆ ಅರ್ಜಿ ಬರೆಯದೆ. ಆದರೂ ಎರಡು ವಾರ ಕಾಯಬೇಕು ಎಂದಿದ್ದರು ನರ್ಸಮ್ಮ. ಸುಮತಿ ಹಗಲೆಲ್ಲ ಪರದೆಯೊಳಗೆ, ಉದ್ದ ತೋಳಿನ ಅಪ್ಪನ ಅಂಗಿ ಹಾಕಿಕೊಂಡು. ಡಿಸ್ಚಾರ್ಜ್ ಆಗಿ ಮನೆಗೆ ಬಂದಾಗ ಅವಳನ್ನು ಕಂಡು ನನ್ನ ಅಂಗಿಗೆ ಇಷ್ಟು ದೊಡ್ಡ ಹೊಟ್ಟೆ ಯಾವಾಗ ಬಂತು ಅಂದೆ. ನಾನು ಮಾತ್ರ ಆ ಅಂಗಿಗೆ ಸಾಲದಷ್ಟು ಇಳಿದಿದ್ದೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಅವಳ ಹಣೆ ಮುಟ್ಟಿ ನೋಡುತ್ತಿದ್ದೆ. ತಣ್ಣಗಿರುತ್ತಿತ್ತು. ದಿನಕ್ಕೆ ಎರಡು ಸಲ ಬದುಕಿದೆ ಅನಿಸುತ್ತಿತ್ತು.

ಆ ಎರಡು ವಾರದ ನಡುವೆ ಪಂಚಾಯತಿ ಸಭೆ ಬಂತು. ಕೋಲು ಹಿಡಿದು ಹೋದೆ. ಎದ್ದು ನಿಂತೆ, ಎರಡು ಮಾತಿಗೇ ಉಸಿರು ಸೋತು ಕೂತೆ, ಕೂತೇ ಹೇಳಿದೆ. ನನ್ನ ಬಾನಿಯ ಹುಳದಿಂದ ಬೀದಿಗೆ ಜ್ವರ ಬಂದಿದೆ. ಆ ತೀರ್ಮಾನ ಹೊಡೆದುಹಾಕಿ. ಇನ್ನು ಯಾವ ಮನೆಗೂ ವಿನಾಯಿತಿ ಬೇಡ, ಟಾರ್ಚು ಹಿಡಿದವರಿಗೆ ಇಲ್ಲಿ ನೋಡು, ಅಲ್ಲಿ ನೋಡಬೇಡ ಎಂದು ಯಾವ ಮೆಂಬರೂ ಹೇಳಬಾರದು ಎಂದು ಬರೆದುಕೊಳ್ಳಿ. ಬಾನಿಯ ನಲ್ಲಿಗೆ ಮುಚ್ಚುವ ತಿರುಪು ಹಾಕಿಸಿ.

ಹಿಂದಿನ ಸಾಲಿನಿಂದ ಟೈಲರಣ್ಣ ಎದ್ದ. ನನಗಿಂತ ಮೊದಲು ಎಂಟು ದಿನ ಮಲಗಿದ್ದವನು. ಬಯ್ಯಲಿ ಅಂದುಕೊಂಡೆ, ಬಯ್ಯಬೇಕಾದವನೇ.

“ಅದೆಲ್ಲ ಸೆರಿ ಮೆಂಬರ್,” ಅಂದ. “ನನ್ ಮಡಕೆ?”

ಸಭೆ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ, ಕೆಮ್ಮು ಬಂದು ಅಧ್ಯಕ್ಷೆ ನೀರು ತರಿಸಿದರು. ಮರುದಿನ ಹೊಸ ಮಡಕೆ ಹೊತ್ತು ಅವನ ಜಗಲಿಗೆ ಹೋದೆ. ಅವನು ಮುಚ್ಚಳ ಇದೆಯೇ ಎಂದು ಮೊದಲು ನೋಡಿದ. ಇತ್ತು.

ಎರಡು ವಾರ ಮುಗಿಯಿತು. ಸುಮತಿಯ ಹಣೆ ತಣ್ಣಗೇ ಇತ್ತು. ಮೂರನೆಯ ವಾರದಲ್ಲಿ ಅವಳಿಗೆ ನೋವು ಬಂತು. ಆಸ್ಪತ್ರೆಯ ಜಗಲಿಯಲ್ಲಿ ಕೂತು ನಾನು ಏನೂ ಬೇಡಿಕೊಳ್ಳಲಿಲ್ಲ, ಬೇಡಿಕೊಳ್ಳಲು ಮುಖವಿರಲಿಲ್ಲ. ರಕ್ತ ನಿಂತಿದೆಯಾ ಎಂದು ಹೊರಬಂದ ಪ್ರತಿಯೊಬ್ಬರನ್ನೂ ಕೇಳಿದೆ. ಕಸ ಗುಡಿಸುವವರನ್ನೂ ಕೇಳಿದೆನಂತೆ. ಹೆಣ್ಣು ಮಗು. ತಾಯಿ ಮಗು ಇಬ್ಬರೂ ಕ್ಷೇಮ. ಲಕ್ಕಮ್ಮ ಮಗುವನ್ನು ತಂದು ನನ್ನ ಕೈಯಲ್ಲಿಟ್ಟಾಗ ಅತ್ತೆ. ಮುಚ್ಚಿಟ್ಟುಕೊಳ್ಳಲಿಲ್ಲ. ಅಳಿಯನೂ ಅಳುತ್ತಿದ್ದ, ಜೊತೆ ಸಿಕ್ಕಿತು.

ಈಗ ಎರಡು ತಿಂಗಳಾಗಿದೆ. ಮೆಟ್ಟಿಲು ಹತ್ತಿದರೆ ಇನ್ನೂ ಮೊಣಕಾಲು ಜ್ವರವನ್ನು ನೆನಪಿಸುತ್ತದೆ. ಕತ್ತೆತ್ತಿ ದ್ರಾಕ್ಷಿ ನೋಡಬಲ್ಲೆ. ಈ ಜ್ವರ ಎರಡನೆಯ ಸಲ ಬಂದರೆ ಹೆಚ್ಚು ಜೋರಂತೆ, ಅದೊಂದು ಭಯ ಒಳಗೆ ಇದ್ದೇ ಇದೆ. ಶುಕ್ರವಾರ ಬಾನಿ ಉಜ್ಜುವ ಕೆಲಸ ನನ್ನದು. ಲಕ್ಕಮ್ಮನ ಮಂಡಿಗೆ ನಿವೃತ್ತಿ ಕೊಟ್ಟಿದ್ದೇನೆ. ಅವಳು ನಮ್ಮವ್ವನ ಹಾಗೆ ನಿಂತುಕೊಂಡು ಉಜ್ಜಿಸುತ್ತಾಳೆ. ಕೊಡ ತುಂಬಿಸಿ ಪಕ್ಕದಲ್ಲಿಟ್ಟಿರಾ ಎಂದು ಪ್ರತಿ ವಾರವೂ ಕೇಳುತ್ತಾಳೆ. ಒಂದು ಶುಕ್ರವಾರ ಹೋರಿ ಅದೇ ಹೊತ್ತಿಗೆ ಬಂತು. ಕೊಡದೊಳಗೆ ಮೂತಿ ಹಾಕಿ ಅರ್ಧ ಕುಡಿದು, ಉಳಿದರ್ಧ ನನ್ನ ಮೇಲೆ ಸೀನಿ ಹೋಯಿತು.

ಬಾಗಿಲ ಹಿಂದಿನ ಹಳೆಯ ಕಾರ್ಡನ್ನು ತೆಗೆಯಲು ಈಶ್ವರಿಗೆ ನಾನು ಬಿಟ್ಟಿಲ್ಲ. ಹೊಸದನ್ನು ಅದರ ಪಕ್ಕದಲ್ಲೇ ಅಂಟಿಸಿದ್ದಾಳೆ. ಹೊಸ ಕಾರ್ಡಿನ ಮೊದಲ ಸಾಲಿನಲ್ಲಿ ಅವಳ ದುಂಡು ಅಕ್ಷರದಲ್ಲಿ ‘ಹುಳ ಇದೆ’ ಎಂದಿದೆ. ತಿರುಪು ಸರಿಯಾಗಿ ಮುಚ್ಚದೆ ನಲ್ಲಿಯ ಕೆಳಗಿನ ಗುಂಡಿಯಲ್ಲಿ ನೀರು ನಿಂತಿತ್ತು, ಹಿಡಿದಳು. ನೆಂಟರು ಬಂದರೆ ಅದನ್ನು ಮೊದಲು ತೋರಿಸುತ್ತೇನೆ. ಮೆಂಬರ್ ಮನೆಗೆ ‘ಇದೆ’ ಎಂದು ಬರೆದವಳು ಇಡೀ ಊರಿಗೆ ಸರಿಯಾಗಿ ಬರೆಯುತ್ತಾಳೆ.

ಈ ಬೆಳಿಗ್ಗೆಯೂ ಬಂದಿದ್ದಳು. ನಾನು ಬಾನಿ ಉಜ್ಜಿ, ತುಂಬಿಸಿ, ಪರೀಕ್ಷೆ ಬರೆದ ಹುಡುಗನ ಹಾಗೆ ಪಕ್ಕದಲ್ಲಿ ನಿಂತಿದ್ದೆ. ಒಳಗೆ ಮೊಮ್ಮಗಳು ಪರದೆಯ ಕೆಳಗೆ ಕೈಕಾಲು ಆಡಿಸುತ್ತಿದ್ದಳು. ಈಶ್ವರಿ ಚಪ್ಪಲಿ ಬಿಟ್ಟು, ಬಾನಿಗೊಮ್ಮೆ ಕೈ ಮುಗಿದು, ಟಾರ್ಚು ತೆಗೆದಳು. ಹೇಗೆ ಉಜ್ಜಿದೆ, ಯಾವ ಮೂಲೆಯಲ್ಲಿ ಪಾಚಿ ಇತ್ತು, ಎಲ್ಲ ನಾನು ವಿವರಿಸುತ್ತಿದ್ದೆ.

“ಮಾಮ,” ಅಂದಳು ಅವಳು, ತಲೆ ಎತ್ತದೆ. “ವಸಿ ಅತ್ಲಾಗೆ ಸರೀರಿ. ನಿಮ್ ನೆಳ್ಳು ನೀರ್ ಮ್ಯಾಲೆ ಬೀಳ್ತೈತೆ.”

ಸರಿದು ನಿಂತೆ.